ಮೂರು ಸರಪಳಿಯ ಕಾರಿಡಾರು

“ಎಷ್ಟು ದೂರ ನಡೀತೀರಾ ಸಾರ್?”

ಫಿಸಿಯೊಥೆರಪಿ ಕೋಣೆಯಲ್ಲಿ ಆ ಹೆಣ್ಣುಮಗಳು ಕೇಳಿದ ಮೊದಲ ಪ್ರಶ್ನೆಗೇ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸದಲ್ಲಿ ನಾನು ಭೂಮಾಪಕ. ಸರಪಳಿ ಎಳೆಯುವ ಹುಡುಗನಾಗಿ ಶುರುಮಾಡಿ, ಆಮೇಲೆ ಪರವಾನಗಿ ತೆಗೆದುಕೊಂಡು, ಚನ್ನರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹದ್ದುಬಸ್ತು, ಪೋಡಿ, 11ಇ ನಕ್ಷೆ ಅಂತ ಜಮೀನಿನ ಗಡಿ ಗುರುತಿಸುತ್ತಾ, ಪಾಲು ಬೇರೆ ಮಾಡುತ್ತಾ ಹೊಲ ಹೊಲ ಅಲೆದವನು. ಯಾರದೋ ಬದು ಎಷ್ಟು ಉದ್ದ ಅಂತ ಕೇಳಿದರೆ ಕಣ್ಣಳತೆಯಲ್ಲೇ ಹೇಳಬಲ್ಲೆ. ಐದಾರು ಅಡಿ ಆಚೀಚೆ ಆಗಬಹುದು, ಅಷ್ಟೆ. ಆದರೆ ನನ್ನ ಕಾಲು ಎಷ್ಟು ದೂರ ಹೋಗುತ್ತದೆ ಅಂದರೆ? ಯಾವ ದಿನ? ಯಾವ ಹೊತ್ತಿನಲ್ಲಿ? ಹಿಂದಿನ ದಿನ ಏನು ಮಾಡಿದ್ದೆ?

ಕೊನೆಗೆ “ಒಂದು ಕೂಗಳತೆ ಆರಾಮಾಗಿ ಹೋಗ್ತೀನಿ ಮೇಡಂ. ಆಮೇಲೆ ಕಾಲು ಎಳ್ಕೊಂಡು ಹೋಗ್ತೀನಿ” ಅಂದೆ.

“ಕೂಗಳತೆ ಅಂದ್ರೆ ಮೀಟರ್‌ನಲ್ಲಿ ಎಷ್ಟಿರ್ಬೋದು ಸಾರ್?” ಅಂತ ಪೆನ್ನು ಹಿಡಿದು ಕಾದರು. ಇನ್ನೂರಿರಬಹುದು, ಮುನ್ನೂರಿರಬಹುದು. ಕೂಗುವವನ ಗಂಟಲಿಗೆ ತಕ್ಕಂತೆ, ಬೀಸುವ ಗಾಳಿಗೆ ತಕ್ಕಂತೆ. ಅವರು 200 ಅಂತ ಬರೆದು ಪಕ್ಕದಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದರು. ಆ ಗುರುತು ನೋಡಿ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬರೆದುಕೊಳ್ಳುವವರನ್ನು ನಾನು ಸಾಕಷ್ಟು ಕಂಡಿದ್ದೆ.

ನನ್ನ ನೋವು 2006ರದು. ಆ ವರ್ಷ ಚಿಕೂನ್‌ಗುನ್ಯಾ ನಮ್ಮ ಕಡೆ ಹೇಗೆ ಜನರನ್ನು ಮಲಗಿಸಿತು ಅನ್ನುವುದು ನಲವತ್ತು ದಾಟಿದ ಎಲ್ಲರಿಗೂ ನೆನಪಿರುತ್ತದೆ. ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಸಿಕ್ಕಿದ್ದವು. ನಮ್ಮೂರಲ್ಲಿ ರಾಗಿ ಹೊಲದ ಕಳೆ ಕೀಳಲು ಆಳಿಲ್ಲ, ಜಗಲಿಯ ಕಂಬ ಹಿಡಿದು ಏಳುವವರೇ ಎಲ್ಲ ಮನೆಗಳಲ್ಲಿ. ಆ ಹೆಸರು ಆಫ್ರಿಕಾದ ಮಕೊಂಡೆ ಭಾಷೆಯದಂತೆ. ಮೈ ಬಾಗಿಸಿಬಿಡುವುದು ಅಂತ ಅರ್ಥ. 1952ರಲ್ಲಿ ಈಗಿನ ಟಾಂಜಾನಿಯಾದಲ್ಲಿ ಮೊದಲು ಕಂಡ ಜ್ವರಕ್ಕೆ ಅಲ್ಲಿಯವರು ಇಟ್ಟ ಹೆಸರು ನಮ್ಮೂರಿನ ಜಗಲಿಗಳಿಗೂ ಸರಿಹೊಂದಿತ್ತು.

ಆಗ ನನಗೆ ಮೂವತ್ತೆರಡು. ಊರಿನ ಹೆಚ್ಚಿನವರು ಕೆಲವು ತಿಂಗಳಲ್ಲಿ ಚೇತರಿಸಿಕೊಂಡರು. ನನ್ನ ಹರಡು, ಮಂಡಿ ಮಾತ್ರ ಬಿಡಲಿಲ್ಲ. ನಾಲ್ಕೈದು ವರ್ಷದಲ್ಲಿ ಕೀಲಿನ ಊತ ಹೋಯಿತು, ನೋವು ಸೊಂಟಕ್ಕೆ, ತೊಡೆಗೆ, ಹೆಗಲಿಗೆ ಹರಡಿತು. ನಿದ್ದೆ ಮಾಡಿ ಎದ್ದರೂ ನಿದ್ದೆ ಮಾಡಿದ ಹಾಗಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲ “ಚೆನ್ನಾಗಿದೆ”. ಕೊನೆಗೊಬ್ಬ ಕೀಲುರೋಗದ ವೈದ್ಯರು ಫೈಬ್ರೊಮಯಾಲ್ಜಿಯಾ, ಮೈಯೆಲ್ಲ ನೋಯುವ ಕಾಯಿಲೆ ಅಂದರು. ಜ್ವರವೇ ಕಾರಣವಾ ಅಂತ ಕೇಳಿದೆ. ಇರಬಹುದು, ಖಚಿತವಾಗಿ ಹೇಳಲಾಗದು ಅಂದರು. ಮೂರು ತಿಂಗಳು ದಾಟಿ ಉಳಿಯುವ ನೋವನ್ನು ದೀರ್ಘಕಾಲದ ನೋವು ಅನ್ನುತ್ತಾರಂತೆ. ನನ್ನದು ಆಗಲೇ ಹತ್ತು ವರ್ಷ ದಾಟಿತ್ತು.

ಇದಕ್ಕೆ ಮೊದಲೂ ಒಂದು ಸಲ ನನ್ನ ನಡಿಗೆಯನ್ನು ನೋಡಿದ್ದರು. ಅಳೆದಿದ್ದರು ಅನ್ನಲಾರೆ. ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳ ಪಟ್ಟಿ ಇದೆ. ದೀರ್ಘಕಾಲದ ನೋವು ಅಂತ ಅದರಲ್ಲಿ ಬೇರೆ ಸಾಲಿಲ್ಲ. ಮುಖ್ಯ ಸವಲತ್ತುಗಳಿಗೆ ಶೇಕಡ 40 ಇರಬೇಕು. ಕಾಲಿನ ವಿಷಯಕ್ಕೆ ಬಂದರೆ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ ಅಂತ ನೋಡುತ್ತಾರೆ. ಸ್ಥಿರತೆ ಅನ್ನುವ ಇನ್ನೊಂದು ಭಾಗದಲ್ಲಿ ಸಮತಟ್ಟು ನೆಲದ ಮೇಲೆ ನಡೆಯುವುದು, ಇಳಿಜಾರಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡು ಕಾಲ ಮೇಲೆ ಮತ್ತು ಒಂದೇ ಕಾಲ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು ಎಲ್ಲ ಬರುತ್ತವೆ. ಇವು ನಮ್ಮ ಬದುಕಿಗೆ ಹತ್ತಿರದವೇ. ಬಾಂದುಕಲ್ಲಿನ ಬುಡ ಕೆದಕಲು ಕುಕ್ಕರಗಾಲಲ್ಲೇ ಕೂರಬೇಕು. ಊಟಕ್ಕೆ ಚಕ್ಕಳಮಕ್ಕಳವೇ. ಆದರೆ ಇವೆಲ್ಲವನ್ನೂ ನಾನು ಒಂದು ಸಲ ಮಾಡಿ ತೋರಿಸಬಲ್ಲೆ. ತೋರಿಸಿದೆ. ಬಾಗಿಲಿಂದ ಅವರ ಮೇಜಿನವರೆಗೆ ಎಂಟು ಹೆಜ್ಜೆ. “ನಡಿಗೆ ಸಹಜ” ಅಂತ ಬರೆದರು. ಸುಳ್ಳು ಬರೆದರು ಅನ್ನಲಾರೆ, ಎಂಟು ಹೆಜ್ಜೆ ಸಹಜವಾಗೇ ಇತ್ತು. ಮನೆಗೆ ಬಂದು ಎರಡು ದಿನ ಮಲಗಿದ್ದನ್ನು ಬರೆಯಲು ಆ ಹಾಳೆಯಲ್ಲಿ ಜಾಗ ಇರಲಿಲ್ಲ. ಪ್ರಮಾಣಪತ್ರ ಸಿಗದಿದ್ದಕ್ಕಿಂತ ಆ ಎರಡು ಪದ ನನ್ನನ್ನು ಹೆಚ್ಚು ದಿನ ಕಾಡಿತು. ಮನೆಯಲ್ಲೂ ನೆಂಟರು “ಡಾಕ್ಟ್ರೇ ಸರಿಯಾಗಿದೀಯ ಅಂದ್ರಲ್ಲ” ಅನ್ನಲು ಶುರುಮಾಡಿದರು.

ಹಾಗಾಗಿ 2023ರ ಆಗಸ್ಟಿನಲ್ಲಿ, ನನಗೆ ನಲವತ್ತೊಂಬತ್ತಾದಾಗ, ಕೀಲುರೋಗದ ವೈದ್ಯರು ಮೈಸೂರಿನ ಒಂದು ಆಸ್ಪತ್ರೆಯ ಫಿಸಿಯೊಥೆರಪಿ ವಿಭಾಗಕ್ಕೆ “ನಡಿಗೆ ಅಳತೆ ಮಾಡಿಸಿ ಬನ್ನಿ” ಅಂತ ಚೀಟಿ ಬರೆದುಕೊಟ್ಟಾಗ ನನಗೆ ಆಸೆಯೂ ಇತ್ತು, ಭಯವೂ ಇತ್ತು. ಎರಡು ದಿನ ಮೊದಲೇ ಹೊಲಕ್ಕೆ ಹೋಗುವುದು ಬಿಟ್ಟು ಮೈ ಉಳಿಸಿಕೊಂಡಿದ್ದೆ. ಬೆಳಗಿನ ಬಸ್ಸು ಹತ್ತುವ ಮುಂಚೆ ಒಂದು ಪ್ಯಾರಾಸಿಟಮಾಲ್ ನುಂಗಿದ್ದೆ. ಅದನ್ನೂ ಅವರು ಕೇಳಿ, ಎಷ್ಟು ಗಂಟೆಗೆ, ಎಷ್ಟು ಎಂಜಿ ಅಂತ ಬರೆದುಕೊಂಡರು. ಬಸ್ಸಿನಲ್ಲಿ ಕೂತು ಬಂದದ್ದು ಎಷ್ಟು ಹೊತ್ತು ಅಂತಲೂ ಕೇಳಿದರು. ನೋವು ಈಗ ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂದರು. ನಾಲ್ಕು ಅಂದೆ. ಇಷ್ಟು ವರ್ಷಕ್ಕೆ ನಾಲ್ಕು ಅನ್ನುವುದು ನನಗೆ ಒಳ್ಳೆಯ ದಿನ.

ಮೊದಲು ಸಣ್ಣ ಸಣ್ಣ ಅಳತೆಗಳು. 14 ಮೀಟರ್ ಪಟ್ಟೆಯ ಮೇಲೆ ನಡೆಸಿ ನಡುವಿನ 10 ಮೀಟರ್‌ಗೆ ಮಾತ್ರ ಗಡಿಯಾರ ಒತ್ತುತ್ತಾರೆ. ಹೊರಡುವಾಗಿನ ತಡವರಿಕೆ, ನಿಲ್ಲುವಾಗಿನ ನಿಧಾನ ಲೆಕ್ಕಕ್ಕೆ ಸೇರಬಾರದು ಅಂತ. ಎಂದಿನ ನಡಿಗೆಗೆ 11.1 ಸೆಕೆಂಡು, ಅಂದರೆ ಸೆಕೆಂಡಿಗೆ 0.9 ಮೀಟರ್. ಜೋರಾಗಿ ನಡೆಯಿರಿ ಅಂದಾಗ 8.4 ಸೆಕೆಂಡು. ರಸ್ತೆ ದಾಟುವ ಸಿಗ್ನಲ್‌ಗೆ ಬಹಳ ಕಡೆ ಸೆಕೆಂಡಿಗೆ 1.2 ಮೀಟರ್ ಲೆಕ್ಕ ಹಿಡಿಯುತ್ತಾರಂತೆ. ನಾನು ಎಷ್ಟು ಜೋರು ಮಾಡಿದರೂ ಅದರ ಹತ್ತಿರ ಬಂದೆ, ಮುಟ್ಟಲಿಲ್ಲ. ಕುರ್ಚಿಯಿಂದ ಎದ್ದು 3 ಮೀಟರ್ ಹೋಗಿ ತಿರುಗಿ ಬಂದು ಕೂರಲು 11.8 ಸೆಕೆಂಡು. ಕೈ ಎದೆಗೆ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತೀರಿ ಅನ್ನುವುದರಲ್ಲಿ ಒಂಬತ್ತು. ಇದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು, ತೊಡೆ ನಡುಗಿತು. ಆಮೇಲೆ ಅರ್ಧ ಗಂಟೆಗೂ ಹೆಚ್ಚು ಕೂರಿಸಿದರು.

ಆಮೇಲೆ ಕಾರಿಡಾರು.

ಆರು ನಿಮಿಷದ ನಡಿಗೆ ಅಂತ ಅದರ ಹೆಸರು. 30 ಮೀಟರ್ ಉದ್ದದ ಸಮತಟ್ಟು ಜಾಗ, ಮೂರು ಮೀಟರಿಗೊಂದು ಬಣ್ಣದ ಟೇಪು, ಎರಡು ತುದಿಗೆ ಕಿತ್ತಳೆ ಬಣ್ಣದ ಕೋನು. ನಾನು ನೋಡಿದ ತಕ್ಷಣ ಮನಸ್ಸು ಲೆಕ್ಕ ಹಾಕಿತು. ನಮ್ಮ ಸರ್ವೆಯ ಸರಪಳಿ 33 ಅಡಿ, ಅದರಲ್ಲಿ ಆಣೆ ಅನ್ನುವ ಹದಿನಾರು ಭಾಗ. ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1,089 ಚದರ ಅಡಿ. ಆ ಕಾರಿಡಾರು ಮೂರು ಸರಪಳಿಗೆ ಏಳು ಇಂಚು ಕಡಿಮೆ. ಅದನ್ನು ಹೇಳಿದಾಗ ಮೇಡಂ ಮುಖ ಅರಳಿತು. ಅಳತೆಯ ಜಾಗ ಗಿಡ್ಡವಾದರೆ ಫಲಿತಾಂಶವೂ ಬದಲಾಗುತ್ತದೆ, ಪದೇ ಪದೇ ತಿರುಗುವುದರಲ್ಲೇ ವೇಗ ಕಳೆದುಹೋಗುತ್ತದೆ, ಅದಕ್ಕೇ ಈ 30 ಮೀಟರಿನ ಹಟ ಅಂತ ವಿವರಿಸಿದರು. ನನಗೆ ಚೆನ್ನಾಗಿ ಅರ್ಥವಾಯಿತು. ಜಗ್ಗಿದ ಸರಪಳಿ ಹಿಡಿದು ಅಳೆದರೆ ಯಾರ ಹೊಲ ಯಾರಿಗೋ ಹೋಗುತ್ತದೆ.

ನಿಯಮಗಳನ್ನು ಅವರು ಓದಿಹೇಳಿದ ರೀತಿಯೇ ಬೇರೆ, ಪ್ರತಿ ಪದವೂ ಮೊದಲೇ ಗೊತ್ತುಮಾಡಿದ್ದು. ಆರು ನಿಮಿಷದಲ್ಲಿ ಆದಷ್ಟು ದೂರ ನಡೆಯಬೇಕು. ಓಡಬಾರದು. ನಿಧಾನಿಸಬಹುದು, ನಿಲ್ಲಬಹುದು, ಗೋಡೆಗೆ ಒರಗಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಅವರು ನನ್ನ ಪಕ್ಕ ನಡೆಯುವುದಿಲ್ಲ, ನಡೆದರೆ ನಾನು ಅವರ ಹೆಜ್ಜೆಗೆ ಹೆಜ್ಜೆ ಹಾಕಿಬಿಡುತ್ತೇನೆ. ಒಂದೊಂದು ನಿಮಿಷಕ್ಕೆ ಒಂದೊಂದು ಮಾತು ಹೇಳುತ್ತಾರೆ, ಎಲ್ಲರಿಗೂ ಒಂದೇ ದನಿಯಲ್ಲಿ, ಯಾರನ್ನೂ ಹೆಚ್ಚು ಹುರಿದುಂಬಿಸದೆ. ಹತ್ತು ನಿಮಿಷ ಕುರ್ಚಿಯಲ್ಲಿ ಕೂರಿಸಿ ಬಿಪಿ, ನಾಡಿ, ಬೆರಳಿನ ಆಕ್ಸಿಜನ್ ನೋಡಿದರು. ಎದ್ದು ನಿಂತ ಮೇಲೆ ಉಬ್ಬಸ ಎಷ್ಟು, ಆಯಾಸ ಎಷ್ಟು ಅಂತ ಒಂದು ಹಲಗೆ ತೋರಿಸಿ ಕೇಳಿದರು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಅನ್ನುವ ಮನಃಶಾಸ್ತ್ರಜ್ಞರು ಮಾಡಿದ ಅಳತೆಗೋಲು ಅದು. ನೋವಿನ ಸಾಲು ಅದರಲ್ಲಿ ಇರಲಿಲ್ಲ, ಮೇಡಂ ಪೆನ್ನಿನಲ್ಲಿ ಸೇರಿಸಿಕೊಂಡರು.

ಮೊದಲ ನಿಮಿಷ ಚೆನ್ನಾಗಿತ್ತು. ಹೊಲದಲ್ಲಿ ನಡೆದ ಕಾಲಿಗೆ ನುಣುಪು ನೆಲ ಹಗುರ. “ಚೆನ್ನಾಗಿ ಮಾಡ್ತಿದ್ದೀರ. ಇನ್ನೂ ಐದು ನಿಮಿಷ ಇದೆ.” ಎರಡನೆಯ ನಿಮಿಷಕ್ಕೆ ಎಡ ಹರಡಿನಲ್ಲಿ ಹಳೆಯ ಪರಿಚಯದ ಬಿಸಿ. ಮೂರನೆಯದರಲ್ಲಿ ಸೊಂಟ. ಪ್ರತಿ ಕೋನಿನ ಹತ್ತಿರ ತಿರುಗುವಾಗ ಮೈ ಅರೆಕ್ಷಣ ನಿಂತು ಕೇಳುತ್ತಿತ್ತು. ನಾಲ್ಕನೆಯ ನಿಮಿಷದಲ್ಲಿ ಗೋಡೆ ಹಿಡಿದೆ. ಎಂಟು ಉಸಿರು ಎಣಿಸಿದೆ. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು “ಕೂತ್ಕೊಳಪ್ಪ, ಯಾಕೆ ಹಂಗೆ ಒದ್ದಾಡ್ತೀಯ” ಅಂದರು. ಅವರಿಗೆ ಉತ್ತರ ಹೇಳುವಷ್ಟು ಉಸಿರಿತ್ತು, ಆ ಮಾತಿಗೆ ಗಂಟಲು ಕಟ್ಟಿತ್ತು. ಮತ್ತೆ ನಡೆದೆ. “ನಿಲ್ಲಿ” ಅಂದಾಗ ನಿಂತಲ್ಲೇ ನಿಂತೆ. ಅವರು ಬಂದು ನನ್ನ ಕಾಲಿನ ಬಳಿ ಟೇಪಿನ ತುಂಡು ಅಂಟಿಸಿದರು. ನಾನು ಬಾಂದು ಗುರುತು ಮಾಡುವ ಹಾಗೆಯೇ.

ಹನ್ನೊಂದು ಉದ್ದ, ಮೇಲೆ 12 ಮೀಟರ್. ಒಟ್ಟು 342 ಮೀಟರ್. ನಮ್ಮ ಲೆಕ್ಕದಲ್ಲಿ ಸರಿಯಾಗಿ 34 ಸರಪಳಿ. ನೋವು ನಾಲ್ಕರಿಂದ ಆರಕ್ಕೆ ಏರಿತ್ತು. ಆಕ್ಸಿಜನ್ ಇದ್ದ ಹಾಗೇ ಇತ್ತು.

ನನ್ನ ಎತ್ತರ, ತೂಕ, ವಯಸ್ಸಿನವರು ಎಷ್ಟು ನಡೆಯಬೇಕು ಅನ್ನುವುದಕ್ಕೆ 1998ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಸೂತ್ರವಿದೆ. ಅದರ ಪ್ರಕಾರ ನನ್ನದು 600 ಮೀಟರ್ ದಾಟಬೇಕಿತ್ತು. ಆ ಸೂತ್ರ ನಮ್ಮ ದೇಶದ ಆರೋಗ್ಯವಂತರಿಗೂ ಹೆಚ್ಚಾಗಿಬಿಡುತ್ತದೆ, ಅದನ್ನೇ ಹಿಡಿದು ಬೇಜಾರು ಮಾಡಿಕೊಳ್ಳಬೇಡಿ ಅಂತ ಮೇಡಂ ಮೊದಲೇ ಹೇಳಿದ್ದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಹದಿನೇಳು ವರ್ಷದಲ್ಲಿ ಮೊದಲ ಸಲ ನನ್ನ ಕಷ್ಟಕ್ಕೆ ಬೇರೆಯವರ ಕೈಬರಹದಲ್ಲಿ ಒಂದು ಅಂಕಿ ಸಿಕ್ಕಿತ್ತು.

ಅವರು ಫಾರಂ ಮಡಚಿ “ಆಯ್ತು ಸಾರ್” ಅಂದರು.

“ಇನ್ನೂ ಆಗಿಲ್ಲ ಮೇಡಂ” ಅಂದೆ. ಹೇಗೆ ಹೇಳುವುದು ಅಂತ ಗೊತ್ತಾಗದೆ ನನ್ನ ಕಸುಬಿನ ಮಾತಿನಲ್ಲೇ ಹೇಳಿದೆ. ಒಂದು ಜಮೀನಿನ ಸುತ್ತ ಅಳೆಯುತ್ತಾ ಹೋದರೆ ಕೊನೆಗೆ ಹೊರಟ ಕಲ್ಲಿಗೇ ಬರಬೇಕು. ಬಂದಾಗ ಅಂಕಿ ಎಷ್ಟು ತಪ್ಪಿದೆ ಅಂತ ನೋಡುತ್ತೇವೆ, ಅದಕ್ಕೆ ಕ್ಲೋಸಿಂಗ್ ಎರರ್ ಅನ್ನುತ್ತೇವೆ. ಆಚೆ ಮೂಲೆಯ ಕಲ್ಲಿನಲ್ಲೇ ಪುಸ್ತಕ ಮುಚ್ಚಿದರೆ ಅದು ಅಳತೆಯೇ ಅಲ್ಲ. “ಈಗ ನಾನು ಆಚೆ ಕಲ್ಲಲ್ಲಿದೀನಿ ಮೇಡಂ. ನಾಲ್ಕಕ್ಕೆ ಹೊರಟೋನು ಮತ್ತೆ ನಾಲ್ಕಕ್ಕೆ ಯಾವಾಗ ಬರ್ತೀನಿ ಅಂತ ನೋಡ್ಬೇಕಲ್ವಾ?”

ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರು ಈ ಪರೀಕ್ಷೆ ಎಲ್ಲಿಂದ ಬಂತು ಅಂತ ಹೇಳಿದರು. 1968ರಲ್ಲಿ ಕೆನೆತ್ ಕೂಪರ್ ಅನ್ನುವ ಅಮೆರಿಕದ ವೈದ್ಯರು ವಾಯುಪಡೆಯವರ ದೇಹಶಕ್ತಿ ನೋಡಲು ಹನ್ನೆರಡು ನಿಮಿಷ ಓಡಿಸುತ್ತಿದ್ದರಂತೆ. 1976ರಲ್ಲಿ ಬ್ರಿಟನ್ನಿನ ವೈದ್ಯರು ಅದನ್ನು ಶ್ವಾಸನಾಳದ ಹಳೆಯ ಕಾಯಿಲೆಯವರಿಗೆ ನಡಿಗೆಯಾಗಿ ಬದಲಿಸಿದರು. ಹನ್ನೆರಡು ನಿಮಿಷ ಅವರಿಗೆ ಹಿಂಸೆ ಅಂತ 1982ರಲ್ಲಿ ಎರಡು, ಆರು, ಹನ್ನೆರಡು ನಿಮಿಷ ಹೋಲಿಸಿ ನೋಡಿದರು. ಆರು ನಿಮಿಷ ಉಳಿಯಿತು. 2002ರಲ್ಲಿ ಅಮೆರಿಕದ ಎದೆರೋಗ ತಜ್ಞರ ಸಂಘ ಅದಕ್ಕೆ ಕಟ್ಟುನಿಟ್ಟಾದ ನಿಯಮ ಬರೆಯಿತು. ಅಂದರೆ ಇದು ಉಸಿರಿಗಾಗಿ ಹುಟ್ಟಿದ ಪರೀಕ್ಷೆ. ಉಬ್ಬಸ ನಡೆಯುವಾಗಲೇ ಕಾಣುತ್ತದೆ, ಕೂತರೆ ಇಳಿಯುತ್ತದೆ. ಆರು ನಿಮಿಷದೊಳಗೆ ಕಥೆಯ ಬಹುಪಾಲು ಸಿಕ್ಕಿಬಿಡುತ್ತದೆ. ನನ್ನಂಥವರ ನೋವು ನಡೆಯುವಾಗ ಪೂರ್ತಿ ಬರುವುದಿಲ್ಲ. ಅದು ರಾತ್ರಿ ಬರುತ್ತದೆ, ಬೆಳಗ್ಗೆ ಬರುತ್ತದೆ.

ಮೇಡಂ ಮಡಚಿದ ಫಾರಂ ಬಿಚ್ಚಿದರು. ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದು “ಅದೇ ರಾತ್ರಿ”, “ಮರುದಿನ ಬೆಳಗ್ಗೆ” ಅಂತ ಬರೆದರು. ನನ್ನ ಮೊಬೈಲ್ ನಂಬರ್ ತೆಗೆದುಕೊಂಡರು.

ಮರುದಿನ ಏಳೂವರೆಗೆ ಫೋನು ಬಂದಾಗ ಎತ್ತಿದ್ದು ನನ್ನ ಹೆಂಡತಿ. “ಇನ್ನೂ ಎದ್ದಿಲ್ಲ ಮೇಡಂ. ಬಚ್ಚಲಿಗೆ ಹೋಗೋಕೆ ನನ್ನ ಹೆಗಲು ಹಿಡ್ಕೊಂಡ್ರು” ಅನ್ನುತ್ತಿದ್ದಳು. ಹಾಸಿಗೆಯಿಂದಲೇ ಕೂಗಿ ಹೇಳಿದೆ, ರಾತ್ರಿ ಏಳು, ಈಗ ಎಂಟು. ಮೂರನೆಯ ದಿನವೂ ಅವರು ಫೋನ್ ಮಾಡಿದರು, ಏಳು. ನಾಲ್ಕಕ್ಕೆ ಮರಳಿದ್ದು ಐದನೆಯ ದಿನ. ಆರು ನಿಮಿಷಕ್ಕೆ ಐದು ದಿನದ ಬೆಲೆ. ಎಂಟು ಹೆಜ್ಜೆ ನೋಡಿ ಬರೆದವರಿಗೆ ಈ ಕಾಗದ ತೋರಿಸಬೇಕು ಅಂತ ಆಗ ಬಹಳ ಅನಿಸಿತು.

ಇದಾದ ಮೇಲೆ ಒಂದು ವಾರ ಹೆಜ್ಜೆ ಎಣಿಸುವ ಕೆಲಸ. ಮೊಬೈಲಿನಲ್ಲೇ ಆಗುತ್ತದೆ ಅಂದುಕೊಂಡಿದ್ದೆ. ಮನೆಯಲ್ಲಿ ನಾನು ಪಂಚೆ ಉಡುವವನು, ಜೇಬಿಲ್ಲ. ಮೊಬೈಲು ಟೇಬಲ್ ಮೇಲೆ, ನಾನು ಕೊಟ್ಟಿಗೆಯಲ್ಲಿ. ಹೊರಗೆ ಹೊರಟರೆ ಬೈಕು, ಹಳ್ಳಿ ರಸ್ತೆಯ ಕುಲುಕಾಟವನ್ನೂ ಅದು ಹೆಜ್ಜೆ ಅಂತ ಎಣಿಸುತ್ತಿತ್ತು. ಮೇಡಂ ಸೊಂಟಕ್ಕೆ ಸಿಕ್ಕಿಸುವ ಸಣ್ಣ ಯಂತ್ರ ಕೊಟ್ಟರು, ಉಡಿದಾರಕ್ಕೆ ಕಟ್ಟಿಕೊಂಡೆ. ಬೈಕ್ ಹತ್ತುವಾಗ ಬಿಚ್ಚಿಡಬೇಕು, ಇಳಿದ ಮೇಲೆ ಮತ್ತೆ ಕಟ್ಟಬೇಕು. ಮರೆತದ್ದೂ ಇದೆ, ಮರೆತದ್ದನ್ನು ಬರೆದದ್ದೂ ಇದೆ.

ಆ ವಾರ ಸೋಮವಾರ ಒಂದು ತೆಂಗಿನ ತೋಟದ ಹದ್ದುಬಸ್ತು ಇತ್ತು, 9,740 ಹೆಜ್ಜೆ. ಮಂಗಳವಾರ 2,110. ಬುಧವಾರ 1,860. ಗುರುವಾರ 3,450. ಶುಕ್ರವಾರ ಇನ್ನೊಂದು ಪೋಡಿ ಕೆಲಸ, 8,920. ಶನಿವಾರ 1,740. ಭಾನುವಾರ 2,280. ಕೂಡಿ ಏಳರಿಂದ ಭಾಗಿಸಿದರೆ ದಿನಕ್ಕೆ 4,300. ಆ 4,300 ನೋಡಿದವರು ಈ ಮನುಷ್ಯ ದಿನವೂ ಅಷ್ಟಿಷ್ಟು ಓಡಾಡಿಕೊಂಡಿದ್ದಾನೆ ಅಂದುಕೊಳ್ಳುತ್ತಾರೆ. ಆ ವಾರದಲ್ಲಿ 4,300 ಹೆಜ್ಜೆ ನಡೆದ ದಿನ ಒಂದೂ ಇರಲಿಲ್ಲ. ಮೂರು ಅಡಿಯ ಹಳ್ಳ, ಮೂರು ಅಡಿಯ ದಿಬ್ಬ ಇರುವ ಹೊಲವನ್ನು ಸರಾಸರಿ ಸಮತಟ್ಟು ಅಂತ ನಕ್ಷೆ ಬರೆದರೆ ಯಾವ ರೈತ ಒಪ್ಪುತ್ತಾನೆ?

ಸೋಮವಾರ ತೋಟದ ಮಾಲೀಕರು ನನ್ನನ್ನು ನೋಡಿದ್ದರು. ನಾಲ್ಕು ಮೂಲೆ ತಿರುಗಿ, ಹಳ್ಳ ದಾಟಿ, ಬೇಲಿ ನುಸುಳಿದ ಸರ್ವೆಯರನ್ನು. ಬುಧವಾರದ ನನ್ನನ್ನು ನೋಡಿದವಳು ನನ್ನ ಹೆಂಡತಿ ಒಬ್ಬಳೇ. ನೋವಿನವರ ಬಗ್ಗೆ ಹೊರಗಿನ ಸಾಕ್ಷಿ ಯಾವಾಗಲೂ ಒಳ್ಳೆಯ ದಿನದ್ದೇ. ಕೆಟ್ಟ ದಿನ ನಾವು ಹೊರಗೇ ಬರುವುದಿಲ್ಲವಲ್ಲ.

ಈ ಮಾತನ್ನು ಇಂಗ್ಲೆಂಡಿನಲ್ಲಿರುವ ನನ್ನ ಸೋದರತ್ತೆಯ ಮಗಳ ಹತ್ತಿರ ಹೇಳಿಕೊಂಡೆ. ಅವಳು ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ಅಲ್ಲಿ 2013ರಿಂದ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಅನ್ನುವ ಭತ್ಯೆ ಇದೆ. ಅದಕ್ಕೆ 20 ಮೀಟರ್, 50 ಮೀಟರ್, 200 ಮೀಟರ್ ಅಂತ ನಡಿಗೆಯ ಗಡಿಗಳಿವೆ. ಗಡಿಯ ಬಗ್ಗೆ ಅಲ್ಲೂ ಜಗಳ ಇದೆ, 20 ಮೀಟರ್ ಬಹಳ ಬಿಗಿ ಅಂತ ಅಂಗವಿಕಲರು ಹೋರಾಡಿದ್ದಾರೆ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಆ ದೂರವನ್ನು ಒಂದು ಸಲ ನಡೆದರೆ ಸಾಲದು ಅಂತ ಅವರ ನಿಯಮದಲ್ಲೇ ಬರೆದಿದೆಯಂತೆ. ಅಪಾಯವಿಲ್ಲದೆ ನಡೆಯಬೇಕು, ಒಪ್ಪುವ ರೀತಿಯಲ್ಲಿ ನಡೆಯಬೇಕು, ಅಗತ್ಯವಿರುವಷ್ಟು ಸಲ ನಡೆಯಬೇಕು, ಆರೋಗ್ಯವಂತರು ತೆಗೆದುಕೊಳ್ಳುವ ಹೊತ್ತಿನ ಎರಡು ಪಟ್ಟು ಮೀರದೆ ನಡೆಯಬೇಕು. ಇಲ್ಲದಿದ್ದರೆ ನಡೆಯಲಾರರು ಅಂತಲೇ ಲೆಕ್ಕ. ಕಾಗದದ ಮೇಲಿದ್ದದ್ದು ಎಲ್ಲ ಅರ್ಜಿಗೂ ಸರಿಯಾಗಿ ಸಿಗುವುದಿಲ್ಲ ಅಂತಲೂ ಅವಳು ಹೇಳಿದಳು. ಆದರೂ “ಅಗತ್ಯವಿರುವಷ್ಟು ಸಲ” ಅನ್ನುವುದು ಯಾವುದೋ ದೇಶದ ಕಾನೂನಿನಲ್ಲಿ ಅಚ್ಚಾಗಿದೆ ಅಂತ ತಿಳಿದ ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಮ್ಮ ಮಾರ್ಗಸೂಚಿಯಲ್ಲಿ ಕುಕ್ಕರಗಾಲೂ ಇದೆ, ಚಕ್ಕಳಮಕ್ಕಳವೂ ಇದೆ. ಅದಕ್ಕೆ ಈ ಒಂದು ಮಾತು ಸೇರಿಸಿದರೆ ನಮ್ಮಂಥ ಎಷ್ಟು ಜನ ಕಣ್ಣಿಗೆ ಬೀಳುತ್ತೇವೆ!

ಮೇಡಂ ಏಳು ದಿನದ ಅಂಕಿಗಳನ್ನು ಕಂಬಗಳಾಗಿ ಬರೆದು ಮುಂದಿಟ್ಟರು. “ಇದ್ರಲ್ಲಿ ಯಾವ್ದು ನೀವು ಸಾರ್?” ಅಂತ ಕೇಳಿದರು. ಎರಡು ಎತ್ತರದ ಕಂಬ ತೋರಿಸಿದೆ. ತಲೆ ಅಲ್ಲಾಡಿಸಿ “ಅಷ್ಟೂ ನೀವೇ” ಅಂದರು. ಚಿಕಿತ್ಸೆಯ ಮಾತು ಅಲ್ಲಿಂದ ಶುರುವಾಯಿತು. ಕೆಟ್ಟ ದಿನದಲ್ಲೂ ಆಗುವಷ್ಟು ಎಷ್ಟು ಅಂತ ಮೊದಲು ಹುಡುಕಬೇಕು. ಒಳ್ಳೆಯ ದಿನ ಬಂತು ಅಂತ ಅದನ್ನು ಮೀರಬಾರದು. ಇದೇ ಕಷ್ಟ. ನೋವು ಕಡಿಮೆ ಇರುವ ದಿನ ಬಾಕಿ ಕೆಲಸವೆಲ್ಲ ಮುಗಿಸಿಬಿಡೋಣ ಅನಿಸುತ್ತದೆ, ಹದಿನೇಳು ವರ್ಷ ನಾನು ಬದುಕಿದ್ದೇ ಹಾಗೆ. ಮೊಬೈಲಿನಲ್ಲಿ ಗಂಟೆ ಇಟ್ಟುಕೊಂಡು ಹನ್ನೆರಡು ನಿಮಿಷ ನಡೆದರೆ ಐದು ನಿಮಿಷ ಕೂರಬೇಕು, ನೋವು ಬಂದಿರಲಿ ಬಿಡಲಿ. ನೋವು ಕರೆದಾಗ ಕೂತರೆ ತಡವಾಯಿತು ಅಂತ ಲೆಕ್ಕ. ಮನೆಯಲ್ಲಿ ಕುರ್ಚಿಯಿಂದ ಏಳುವ ಅಭ್ಯಾಸ, ಮೊದಲ ವಾರ ದಿನಕ್ಕೆ ಎರಡು ಸಲ, ಸಲಕ್ಕೆ ನಾಲ್ಕು.

ಹೊಲದಲ್ಲಿ ಇದನ್ನು ಪಾಲಿಸಲು ನಾಚಿಕೆಯಾಯಿತು. ಸರ್ವೆಗೆ ಊರೇ ಸೇರಿರುತ್ತದೆ. ಅಕ್ಕಪಕ್ಕದ ಹಿಡುವಳಿದಾರರು, ಪಂಚಾಯ್ತಿಯವರು, ಸುಮ್ಮನೆ ನೋಡಲು ಬಂದವರು. ಅವರ ಮುಂದೆ ಮೊಬೈಲ್ ಗಂಟೆ ಹೊಡೆದ ತಕ್ಷಣ ಬದುವಿನ ಮೇಲೆ ಕೂರುವುದು ಹೇಗೆ? ಮೊದಲ ಸಲ ಟಿಪ್ಪಣಿ ನೋಡುವ ನೆಪ ಮಾಡಿ ಕೂತೆ. ಎರಡನೆಯ ಸಲ ನನ್ನ ಜೊತೆಯ ಹುಡುಗ ತಾನೇ ಒಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟು “ಕೂತ್ಕೊಳಿ ಸಾರ್, ಆ ಕಲ್ಲು ನಾನು ನೋಡಿ ಬರ್ತೀನಿ” ಅಂದ. ಯಾರೂ ಏನೂ ಅನ್ನಲಿಲ್ಲ. ಒಬ್ಬ ರೈತರು ಎಳನೀರು ಕೊಚ್ಚಿ ಕೊಟ್ಟರು. ಒಂದು ದಿನದ ಕೆಲಸವನ್ನು ಎರಡು ದಿನಕ್ಕೆ ಹಂಚಿದೆ. ಸಂಪಾದನೆ ಸ್ವಲ್ಪ ಕಡಿಮೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಒಪ್ಪಿಕೊಂಡ ದಿನಕ್ಕೆ ಹೋಗದೆ ಉಳಿಯುವುದು ನಿಂತಿತು.

ನವೆಂಬರಿನಲ್ಲಿ ಮತ್ತೆ ಮೈಸೂರು. ಅದೇ ಬಸ್ಸು, ಅದೇ ಹೊತ್ತಿಗೆ ಅದೇ ಮಾತ್ರೆ, ಅದೇ ಚಪ್ಪಲಿ. ಯಾವುದೂ ಬದಲಾಗಬಾರದು ಅಂತ ನಾನೇ ಎಚ್ಚರ ವಹಿಸಿದ್ದೆ. ಒಂದನ್ನು ಮಾತ್ರ ಬೇಕಂತಲೇ ಬಿಟ್ಟೆ, ಹಿಂದಿನ ಎರಡು ದಿನ ಮಲಗಿ ಮೈ ಉಳಿಸಿಕೊಳ್ಳುವುದನ್ನು. ಹೊರಡುವ ಮುಂಚಿನ ನೋವು ನಾಲ್ಕು.

ಗೋಡೆ ಹಿಡಿಯಲಿಲ್ಲ. ಸರಿಯಾಗಿ ಹನ್ನೆರಡು ಉದ್ದ, 360 ಮೀಟರ್. ಹದಿನೆಂಟು ಮೀಟರ್ ಹೆಚ್ಚು. ಶ್ವಾಸಕೋಶದ ಕಾಯಿಲೆಯವರಲ್ಲಿ ಸುಮಾರು 30 ಮೀಟರಾದರೂ ಹೆಚ್ಚಾದರೆ ಮಾತ್ರ ರೋಗಿಗೆ ಗೊತ್ತಾಗುವಂಥ ಬದಲಾವಣೆ ಅನ್ನುತ್ತಾರಂತೆ. ಎರಡನೆಯ ಸಲ ನಡೆದಾಗ ಅಭ್ಯಾಸದಿಂದಲೂ ಕೆಲವು ಮೀಟರ್ ಏರುತ್ತದೆ. ಇದನ್ನೆಲ್ಲ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದರು. ಆ ಒಂದೇ ಅಂಕಿ ನೋಡಿದರೆ ಮೂರು ತಿಂಗಳಲ್ಲಿ ನನಗೆ ಏನೂ ಆಗಿಲ್ಲ. ನಡೆದು ಮುಗಿಸಿದಾಗ ನೋವು ಐದು.

ಹಿಂದಿನ ವಾರದ ಹೆಜ್ಜೆಗಳನ್ನು ಒಯ್ದಿದ್ದೆ. 4,880. 4,310. 4,050. 4,760. 4,420. 3,980. 4,400. ಸರಾಸರಿ 4,400, ಆಗಸ್ಟಿಗಿಂತ ಬರೀ ನೂರು ಹೆಚ್ಚು. ಆದರೆ ಆಗ ಅತಿ ಹೆಚ್ಚಿನ ದಿನಕ್ಕೂ ಅತಿ ಕಡಿಮೆಯ ದಿನಕ್ಕೂ ನಡುವೆ 8,000 ಹೆಜ್ಜೆಯ ಕಂದಕ ಇತ್ತು. ಈಗ 900. ಮೇಡಂ ಆ ಎರಡು ಕಂಬಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತರು. ನಾನೂ ನೋಡಿದೆ. ಆ ಏಳು ದಿನದಲ್ಲಿ ಒಂದು ದಿನವೂ ನಾನು ಹಾಸಿಗೆಯಲ್ಲಿ ಉಳಿದಿರಲಿಲ್ಲ. ಮಗಳ ಶಾಲೆಯ ಸಭೆಗೆ, ಬರ್ತೀನಿ ಅಂತ ಹೇಳಿ, ನಿಜವಾಗಿ ಹೋಗಿದ್ದೆ.

ಫಾರಂನ ಕೆಳಗಿನ ಎರಡು ಗೆರೆ ಈ ಸಲ ಪೆನ್ನಿನಲ್ಲಿ ಎಳೆದದ್ದಲ್ಲ, ಅಚ್ಚಾಗಿದ್ದವು. ಬೇರೆಯವರಿಗೂ ಕೇಳ್ತಿದೀನಿ ಸಾರ್, ನೋವಿಗೆ ಅಂತ ಬರೋ ಎಲ್ಲರಿಗೂ, ಅಂದರು.

ಮರುದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದೆ. “ರೀ, ಮೈಸೂರು ಮೇಡಂ” ಅಂತ ಹೆಂಡತಿ ಮೊಬೈಲು ತಂದುಕೊಟ್ಟಳು. ಏಳೂವರೆ ಆಗಿತ್ತು.

“ರಾತ್ರಿ ಎಷ್ಟಿತ್ತು ಸಾರ್?”

“ಆರು.”

“ಈಗ?”

ಹುಲ್ಲಿನ ಹೊರೆ ಇಳಿಸಿ ನಿಂತು ನೋಡಿಕೊಂಡೆ. ಹರಡು, ಮಂಡಿ, ಸೊಂಟ. ಆತುರದಲ್ಲಿ ಒಳ್ಳೆಯ ಅಂಕಿ ಹೇಳಿಬಿಡಬಾರದು ಅಂತ ಎರಡು ಹೆಜ್ಜೆ ಹಾಕಿಯೂ ನೋಡಿದೆ.

“ಐದು ಮೇಡಂ.”

ಬರೆದುಕೊಳ್ಳುವ ಸದ್ದು ಕೇಳಿಸಿತು. “ನಾಳೆ ಬೆಳಗ್ಗೆನೂ ಮಾಡ್ಲಾ ಸಾರ್?”

“ಮಾಡಿ” ಅಂದೆ. “ಇನ್ನೂ ನಾಲ್ಕಕ್ಕೆ ಬಂದಿಲ್ಲ.”